ಕಾಫಿ ಪಾಕೀಟಿನಲ್ಲಿ ಬಾರದ ಗಂಡಭೇರುಂಡ

ಕೆಲವರಿಗೆ ದಾರಿಯಲ್ಲಿ ಹಾವುಗಳು ಎದುರಾಗುತ್ತಲೇ ಇರುತ್ತವೆ. ನನಗೆ ಎದುರಾಗುವುದು ಬರೀ ಗಾಬರಿ. ಮೊದಲೇ ನಾನು ಗಟ್ಟಿ ಗುಂಡಿಗೆಯ ಮನುಷ್ಯನಲ್ಲ. ಕುಕ್ಕರ್ ಸೀಟಿ ಹೊಡೆದರೂ ಎದೆ ಮೇಲೆ ಕೈ ಇಟ್ಟುಕೊಳ್ಳುವವನು. ಇಂಥವನನ್ನು ತೊಂಬತ್ತರ ದಶಕದಲ್ಲಿ ಒಂದು ಕಾಫಿಪುಡಿ ಕಂಪನಿ ಕೆಲಸಕ್ಕೆ ಇಟ್ಟುಕೊಂಡಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ಲೈನು ನಿನ್ನದು ಎಂದು ಒಂದು ಹಳೇ ಮೊಪೆಡ್ಡು ಕೊಟ್ಟು ಬಿಟ್ಟಿತು.

ಆ ಲೈನಿನಲ್ಲಿ ಕಾಫಿ ಮಾರುವುದೆಂದರೇನು ಅಂತ ಮಾರಿದವನಿಗೇ ಗೊತ್ತು. ನಮ್ಮ ಕಡೆ ಮುಂಜಾನೆ ಎದ್ದರೆ ಚಾ, ಸಂತೆಗೆ ಹೋದರೆ ಚಾ, ಮಂಡಕ್ಕಿ ಮಿರ್ಚಿ ತಿಂದ ಮೇಲೆ ಚಾ, ಜಗಳ ಆದಮೇಲೆ ರಾಜಿಗೂ ಚಾ. ಕಾಫಿ ಏನಿದ್ದರೂ ತಲೆನೋವಿನ ಔಷಧಿ. 'ನಾನು ಕಾಫಿ ಕಂಪನಿಯವನು' ಅಂದರೆ ಜನ 'ಅಯ್ಯೋ, ಯಾರಿಗೆ ಆರಾಮಿಲ್ರಿ?' ಅಂತ ಕೇಳುತ್ತಿದ್ದರು.

ಬೆಂಗಳೂರಿನಲ್ಲಿದ್ದ ನಮ್ಮ ದೊಡ್ಡ ಸಾಹೇಬರಿಗೆ ಒಂದು ದಿನ ಹೊಸ ಯೋಚನೆ ಹೊಳೆಯಿತು. ಹಿಂದೆ ಯಾವುದೋ ಪರದೇಶದ ಕಾಫಿ ಕಂಪನಿ ಪಾಕೀಟಿನ ಜೊತೆ ರಾಜಮನೆತನಗಳ ಲಾಂಛನದ ಸ್ಟ್ಯಾಂಪು ಹಂಚಿತ್ತಂತೆ. ಅದನ್ನು ಅಂಟಿಸಲು ಆಲ್ಬಂ ಕೊಟ್ಟಿತ್ತಂತೆ. ಅಲ್ಲಿನ ಜನ ಹುಚ್ಚೆದ್ದು ಕಾಫಿ ಕುಡಿದರಂತೆ. ನಾವೂ ಹಾಗೇ ಮಾಡೋಣ ಅಂದರು. ಪ್ರತಿ ಪಾಕೀಟಿನಲ್ಲಿ ಒಂದು ಸ್ಟ್ಯಾಂಪು: ಕದಂಬರ ಸಿಂಹ, ಗಂಗರ ಆನೆ, ಹೊಯ್ಸಳರ ಹುಲಿ, ಪಾಂಡ್ಯರ ಮೀನು, ಹೀಗೆ. ಆಲ್ಬಂನ ಕೊನೆಯ ಪುಟದಲ್ಲಿ ಒಂದು ದೊಡ್ಡ ಖಾಲಿ ಚೌಕ. ಅದರ ಕೆಳಗೆ 'ಗಂಡಭೇರುಂಡ, ಒಂದು ದೇಹ, ಎರಡು ತಲೆ' ಎಂದು ಅಚ್ಚಾಗಿತ್ತು. ಆಲ್ಬಂ ತುಂಬಿಸಿದವರಿಗೆ ಒಂದು ಹಿತ್ತಾಳೆ ಫಿಲ್ಟರು ಬಹುಮಾನ.

ಮೀಟಿಂಗ್ ಮುಗಿದ ಮೇಲೆ ಸಾಹೇಬರು ನನ್ನೊಬ್ಬನನ್ನು ನಿಲ್ಲಿಸಿಕೊಂಡರು. "ನೋಡ್ರೀ, ದೀಪಾವಳಿ ಒಳಗೆ ನಿಮ್ಮ ಲೈನಿಂದ ಒಂದೇ ಒಂದು ತುಂಬಿದ ಆಲ್ಬಂ ತೋರಿಸಿ. ಇಲ್ಲಾಂದ್ರೆ ಲೈನ್ ಮುಚ್ತೀನಿ. ಲೈನೇ ಇಲ್ಲ ಅಂದ್ಮೇಲೆ ನಿಮ್ಮನ್ನ ಇಟ್ಕೊಂಡು ಏನು ಮಾಡ್ಲಿ?" ಅಂದರು.

ನನಗೆ ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಕೊಟ್ಟೂರಿನ ಮಾವನವರು ಕಂಪನಿ ನೌಕರಿ ಅಂತ ನಂಬಿ ಹೆಣ್ಣು ಕೊಟ್ಟಿದ್ದರು. ಕೆಲಸ ಹೋಗಬಹುದು ಅಂತ ಹೇಳಿದಾಗ ಅವರು ಬಹಳ ಪ್ರೀತಿಯಿಂದ "ಹೋದ್ರ ಹೋಗ್ಲಿ ಬಿಡ್ರಿ ಅಳಿಯಾರ. ನಮ್ಮ ಶೇಂಗಾ ಅಂಗಡ್ಯಾಗ ನನ್ನ ಪಕ್ಕಕ್ಕ ಕುಂದರ್ರಿ" ಅಂದರು. ಮಾವನವರು ಬಂಗಾರದಂಥ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂಜಾನೆಯಿಂದ ಸಂಜೆಯವರೆಗೆ, ಜೀವನ ಪೂರ್ತಿ, ಮಾವನ ಪಕ್ಕದಲ್ಲಿ ಶೇಂಗಾ ರಾಶಿಯ ಮುಂದೆ ಕೂರುವುದು ನೆನೆಸಿಕೊಂಡರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅದನ್ನು ತಪ್ಪಿಸಲಿಕ್ಕೆ ನಾನು ಎರಡು ತಲೆಯ ಹಕ್ಕಿಯ ಬೆನ್ನು ಹತ್ತಿದೆ.

ಮೊಣಕೈ ತನಕ

ಮೊದಲ ಸಂತೋಷ ಕೂಡ್ಲಿಗಿಯಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಿರಾಣಿ ಅಂಗಡಿ ಇತ್ತು. ಅಲ್ಲಿ ನನ್ನ ಪಾಕೀಟುಗಳು ಸಾಮಾನ್ಯವಾಗಿ ಧೂಳು ಹಿಡಿದು ಕೂತಿರುತ್ತಿದ್ದವು. ಸ್ಕೀಮು ಶುರುವಾದ ತಿಂಗಳು ಹೋಗಿ ನೋಡಿದರೆ ಒಂದೂ ಇಲ್ಲ. ಮರುತಿಂಗಳು ದುಪ್ಪಟ್ಟು ಕೊಟ್ಟೆ, ಅದೂ ಇಲ್ಲ. ನಾನು ಸಾವ್ಕಾರರ ಕೈ ಹಿಡಿದು ಕುಲುಕಿದೆ. ಹಾಗೆ ಕುಲುಕುವಾಗ ಅವರ ಹಿಂದೆ ಇದ್ದ ದೊಡ್ಡ ಎಣ್ಣೆ ಡಬ್ಬಿ ಕಣ್ಣಿಗೆ ಬಿತ್ತು. ಅದರ ತುಂಬ ಕಾಫಿಪುಡಿ.

"ಇದೇನ್ರಿ ಸಾವ್ಕಾರ್ರ?"

"ನಿಮ್ದಾ ಪುಡಿರೀ" ಅಂದರು ಅವರು, ಏನೂ ಆಗದವರ ಹಾಗೆ. "ಹುಡುಗ್ರು ಬರ್ತಾರ, ಪಾಕೀಟು ತಗಂತಾರ, ಇಲ್ಲೇ ಹರದು ಸ್ಟ್ಯಾಂಪು ಕಿಸೇದಾಗ ಇಟ್ಕಂತಾರ, ಪುಡಿ ಡಬ್ಬ್ಯಾಗ ಸುರುವಿ ಹೋಗ್ತಾರ. ಮನಿಗೆ ಒಯ್ದ್ರ ಅವ್ವಂದ್ರು ಬೈತಾರಂತ."

ನನ್ನ ಕೈ ತಾನಾಗಿ ಎದೆಗೆ ಹೋಯಿತು. ಜನ ಕಾಫಿ ಕುಡಿಯಲಿ ಅಂತ ಸ್ಟ್ಯಾಂಪು ಕೊಟ್ಟರೆ, ಸ್ಟ್ಯಾಂಪಿಗೆ ಅಡ್ಡ ಬರುತ್ತದೆ ಅಂತ ಕಾಫಿಯನ್ನೇ ತೆಗೆದುಹಾಕಿದ್ದರು. ಸಾಹೇಬರಿಗೆ ಇದನ್ನು ಯಾವ ಬಾಯಿಂದ ಹೇಳಲಿ ಅಂತ ಯೋಚಿಸುತ್ತಿರುವಾಗ ಒಬ್ಬ ಹೆಣ್ಣುಮಗಳು ಬಂದು, "ಕಾಫಿಪುಡಿ ಐತೇನ್ರಿ?" ಅಂತ ಕೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಕಡೆಗೂ ಒಬ್ಬರು ಪುಡಿಯನ್ನೇ ಕೇಳುತ್ತಿದ್ದಾರೆ! ನಾನೇ ಮುಂದೆ ಬಂದು ವಿನಯದಿಂದ ವಿಚಾರಿಸಿದೆ.

"ಐತಿ ತಾಯಿ. ಎಷ್ಟು ಮಂದಿಗೆ ಬೇಕಾಗಿತ್ತು?"

"ನಾಳೆ ಅರಿಶಿಣದ ಕಾರ್ಯ ಐತ್ರಿ, ಗೋರಂಟಿಗೆ ಕಲಸಾಕ ಬೇಕು. ಪುಡಿ ಹಾಕಿದ್ರ ಬಣ್ಣ ಭಾಳ ಕೆಂಪಗ ಬರತೈತಿ" ಅಂದರು ಆಕೆ. ಆಮೇಲೆ ಸ್ವಲ್ಪ ಲೆಕ್ಕ ಹಾಕಿ ಹೇಳಿದರು: "ಮದುಮಗಳಿಗೆ ಮೊಣಕೈ ತನಕ, ಉಳಿದೋರಿಗೆ ಬರೇ ಅಂಗೈ."

ಗ್ಯಾರೇಜಿನ ರಾಜಮನೆತನ

ಹಗರಿಬೊಮ್ಮನಹಳ್ಳಿಗೆ ಹೋದಾಗಲೆಲ್ಲ ನನ್ನ ಮೊಪೆಡ್ಡು ಕೈ ಕೊಡುತ್ತಿತ್ತು. ಅಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದರು. ಊರವರಂತೆ ನಾನೂ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದೆ. ಒಂದು ದಿನ ನೋಡುತ್ತೇನೆ, ಅವರ ಗ್ಯಾರೇಜಿನ ಗೋಡೆಯ ಮೊಳೆಗೆ ನಮ್ಮ ಕಂಪನಿಯ ಪಾಕೀಟುಗಳ ಸರ ನೇತಾಡುತ್ತಿದೆ. ನನಗೆ ಅಭಿಮಾನ ಉಕ್ಕಿತು.

"ಚಾಚಾ, ನೀವು ಕಾಫಿ ಕುಡೀತೀರಿ ಅಂತ ನಂಗ ಗೊತ್ತಾ ಇರಲಿಲ್ಲ."

"ಛೆ ಛೆ, ಕುಡಿಯೋರು ಯಾರ್ರಿ?" ಅಂದರು ಚಾಚಾ. ಒಂದು ಹಿಡಿ ಪುಡಿ ತೆಗೆದುಕೊಂಡು ಗ್ರೀಸು ಮೆತ್ತಿದ ಕೈಗೆ ತಿಕ್ಕಿ, ನೀರು ಹಾಕಿ ತೊಳೆದು, ಮದುಮಗನ ಕೈಯಂಥ ಕೈಯನ್ನು ನನ್ನ ಮುಖದ ಮುಂದೆ ಹಿಡಿದರು. "ಸೀಮೆಎಣ್ಣಿಗೆ ಹೋಗದ ಗ್ರೀಸು ನಿಮ್ಮ ಪುಡಿಗೆ ಹೊಕ್ಕತಿ. ಏ ಒನ್ ಮಾಲ್!"

ಅಷ್ಟಕ್ಕೇ ಮುಗಿಯಲಿಲ್ಲ. ಸ್ಟ್ಯಾಂಪುಗಳನ್ನು ಏನು ಮಾಡಿದಿರಿ ಅಂತ ಕೇಳಿದೆ. ಚಾಚಾ ಹೊರಗೆ ನಿಂತಿದ್ದ ಗಾಡಿಗಳನ್ನು ತೋರಿಸಿದರು. ತಾವು ರಿಪೇರಿ ಮಾಡಿದ ಗಾಡಿಗೆ ಗುರುತಿಗಾಗಿ ಒಂದೊಂದು ಸ್ಟ್ಯಾಂಪು ಅಂಟಿಸುವ ಪದ್ಧತಿ ಇಟ್ಟುಕೊಂಡಿದ್ದರು. ಎಂಜಿನ್ ಬಿಚ್ಚಿದರೆ ಸಿಂಹ, ಬ್ರೇಕಿಗೆ ಹುಲಿ, ಕ್ಲಚ್ಚಿಗೆ ಆನೆ, ಪಂಕ್ಚರಿಗೆ ಮೀನು. ಪಂಕ್ಚರಾದ ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಾರಲ್ಲ, ಅದಕ್ಕೇ ಮೀನು. ನನ್ನ ಮೊಪೆಡ್ಡಿನ ಸೀಟಿನ ಕೆಳಗೆ ಬಗ್ಗಿ ನೋಡಿದರೆ ಕದಂಬರು, ಹೊಯ್ಸಳರು, ಗಂಗರು ಎಲ್ಲರೂ ಒತ್ತೊತ್ತಾಗಿ ಕೂತಿದ್ದರು. ಪಾಂಡ್ಯರ ಮೀನುಗಳಂತೂ ಹಿಂಡುಗಟ್ಟಿ ಹೊರಟಿದ್ದವು.

ಮುಂದಿನ ವಾರ ಕೊಟ್ಟೂರಿನಲ್ಲಿ ಬೇರೆ ಗ್ಯಾರೇಜಿನವನೊಬ್ಬ ನನ್ನ ಗಾಡಿಯನ್ನು ಮುಟ್ಟದೆಯೇ, ಬರೀ ಬಗ್ಗಿ ನೋಡಿ, "ಮೀನು ಜಾಸ್ತಿ ಆಗ್ಯಾವ, ಟಯರ್ ಬದಲು ಮಾಡ್ರಿ ಸಾರ್" ಅಂದ. ಆ ಪದ್ಧತಿ ಆಗಲೇ ಊರಿಂದೂರಿಗೆ ಹಬ್ಬಿತ್ತು.

ಅವತ್ತು ಗ್ಯಾರೇಜಿನಲ್ಲೇ ಆಸೆ ಬಿಡದೆ ಚಾಚಾನನ್ನು ಕೇಳಿದ್ದೆ. "ಎರಡು ತಲಿ ಹಕ್ಕಿ ಏನರ ಸಿಕ್ಕತೇನು ಚಾಚಾ? ನನ್ನ ನೌಕರಿ ಅದರ ಮ್ಯಾಲೆ ನಿಂತೈತಿ."

"ಇನ್ನಾ ಸಿಕ್ಕಿಲ್ರಿ. ಸಿಕ್ಕ್ರ ಅದನ್ನ ಬ್ಯಾರೆ ತೆಗದಿಡ್ತೀನಿ. ಇನ್ನ ರಿಪೇರಿನಾ ಆಗಂಗಿಲ್ಲ ಅನ್ನೋ ಗಾಡಿಗೆ ಅಂಟಸಾಕ" ಅಂದರು ಚಾಚಾ. ಆಮೇಲೆ ನನ್ನ ಮೊಪೆಡ್ಡನ್ನು ಸ್ವಲ್ಪ ಹೊತ್ತು ಕನಿಕರದಿಂದ ನೋಡಿ, "ಸಿಕ್ಕ ದಿನಾನ ಹೇಳಿ ಕಳಸ್ತೀನಿ, ನೀವಾ ಮೊದ್ಲು ಬರ್ರಿ" ಅಂದರು.

ಅತ್ತೆಯ ಮನೆಯ ಆಕಳು

ನನ್ನ ಕಷ್ಟ ನೋಡಲಾರದೆ ಕೊಟ್ಟೂರಿನ ಅತ್ತೆ ಸೊಂಟ ಕಟ್ಟಿ ನಿಂತರು. ಅಳಿಯನ ಕೆಲಸ ಉಳಿಯುವವರೆಗೆ ಮನೆಯಲ್ಲಿ ಚಾ ಬಂದ್ ಅಂತ ಹುಕುಂ ಹೊರಡಿಸಿದರು. ಮನೆಮಂದಿಗೆಲ್ಲ ಎರಡು ಹೊತ್ತೂ ಕಾಫಿ. ಮಾವನವರು ಕಣ್ಣು ಮುಚ್ಚಿಕೊಂಡು, ಮೂಗು ಹಿಡಿದುಕೊಂಡು ಅದನ್ನು ಕುಡಿಯುವುದನ್ನು ನಾನೇ ಕಂಡಿದ್ದೇನೆ. ಕುಡಿದ ಮೇಲೆ ಮಗಳ ಕಡೆ ನೋಡುತ್ತಿದ್ದರು. ಆ ನೋಟಕ್ಕೆ ನನಗೆ ಅಳು ಬರುತ್ತಿತ್ತು.

ಆಲ್ಬಂ ಮಾತ್ರ ತುಂಬುತ್ತಾ ಬಂತು. ನಮ್ಮ ಕಂಪನಿ ಸ್ಟ್ಯಾಂಪಿಗೆ ಗೋಂದು ಹಚ್ಚಿರಲಿಲ್ಲ. ಅತ್ತೆ ಜೋಳದ ಹಿಟ್ಟನ್ನು ಗಂಜಿಯ ಹಾಗೆ ಕುದಿಸಿ, ಧಾರಾಳವಾಗಿ ಬಳಿದು ಅಂಟಿಸುತ್ತಿದ್ದರು. ನಾಲ್ಕಾರು ಚೌಕ ಮಾತ್ರ ಉಳಿದಾಗ ಅವರು ಅದನ್ನು ಒಣಗಲಿ ಅಂತ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟರು. ಹಿತ್ತಲಲ್ಲಿ ಆಕಳು ಇತ್ತು. ಹಗ್ಗ ಸ್ವಲ್ಪ ಉದ್ದವಾಗಿತ್ತು.

ನಾನು ಹೋದಾಗ ಅತ್ತೆ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಆಕಳ ಬಾಯಿಂದ ಆಲ್ಬಂನ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಅದೂ ನಾನು ನೋಡುತ್ತಿದ್ದ ಹಾಗೆ ಒಳಗೆ ಹೋಯಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದೆ. ಮಾವನವರು ಅಂಗಡಿಯಿಂದ ಓಡಿ ಬಂದರು. ನನ್ನನ್ನು ನೋಡಿದರು, ಆಕಳನ್ನು ನೋಡಿದರು, ಏನು ಹೇಳಿ ಸಮಾಧಾನ ಮಾಡಬೇಕೋ ತಿಳಿಯದೆ ಆಕಳ ಬೆನ್ನು ಸವರಿದರು.

"ಇರ್ಲಿ ಬಿಡ್ರಿ ಅಳಿಯಾರ. ಎಲ್ಲಾ ರಾಜರೂ ಒಂದಾ ಹೊಟ್ಟ್ಯಾಗ ಹೋಗ್ಯಾರ, ಜಗಳ ಇಲ್ಲ" ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದರು: "ಮತ್ತ ಇವತ್ತಿನಿಂದ ಚಾ ಮಾಡಬಹುದಲ್ಲೇನು?"

ಹಡಗಲಿಯ ರೈಲ್ವೆ ಅಮ್ಮ

ಇನ್ನು ಉಳಿದಿದ್ದು ಒಂದೇ ಆಸರೆ. ಹಡಗಲಿಯಲ್ಲಿ ಒಬ್ಬರು ಅಮ್ಮ ಇದ್ದರು. ಅವರ ಯಜಮಾನರು ಗುಂತಕಲ್ಲಿನಲ್ಲಿ ರೈಲ್ವೆ ನೌಕರಿ ಮಾಡಿದವರು. ಆ ಕ್ವಾರ್ಟರ್ಸಿನ ನೆರೆಹೊರೆಯಿಂದ ಅಮ್ಮನಿಗೆ ಕಾಫಿ ಅಭ್ಯಾಸ ಹತ್ತಿತ್ತು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಕಾಫಿ ಕುಡಿಯುವವರು ಅವರೊಬ್ಬರೇ. ನಿಜ ಹೇಳಬೇಕೆಂದರೆ ನನ್ನ ಐದು ಊರಿನ ಲೈನಿನಲ್ಲೂ ಅವರೊಬ್ಬರೇ. ಊರವರು ಅವರನ್ನು ರೈಲ್ವೆ ಅಮ್ಮ ಅನ್ನುತ್ತಿದ್ದರು.

ಅವರ ಆಲ್ಬಂನಲ್ಲಿ ಒಂದೇ ಒಂದು ಪುಟ ಮತ್ತು ಆ ಕೊನೆಯ ಗಂಡಭೇರುಂಡದ ಚೌಕ ಖಾಲಿ ಇದ್ದವು. ಎಲ್ಲವೂ ಅಸಲಿ, ಎಲ್ಲವೂ ಕುಡಿದು ಗಳಿಸಿದವು. ನಾನು ಸಾಹೇಬರಿಗೆ ಫೋನು ಮಾಡಿ, 'ಸಾರ್, ತುಂಬುತ್ತಿದೆ' ಅಂದುಬಿಟ್ಟೆ. ಅವರು, 'ಹಾಗಾದ್ರೆ ನಾನೇ ಬಂದು ನೋಡ್ತೀನಿ' ಅಂದರು.

ಸಾಹೇಬರು ಬರುವ ಮುನ್ನಾದಿನ ನಾನು ಹಡಗಲಿಗೆ ಹೋದೆ. ಅಮ್ಮ ಸಂಭ್ರಮದಿಂದ ಆಲ್ಬಂ ಕೈಗೆ ಕೊಟ್ಟರು. "ಆ ಖಾಲಿ ಪುಟ ತುಂಬಿತು ನೋಡಪ್ಪ" ಅಂದರು. ತೆರೆದು ನೋಡಿದೆ. ತುಂಬಿತ್ತು. ಒಂದು ಚೌಕದಲ್ಲಿ ಬೀಡಿ ಕಟ್ಟಿನ ಲೇಬಲ್ಲು. ಪಕ್ಕದಲ್ಲಿ ಬೆಂಕಿಪೊಟ್ಟಣದ ಚಿತ್ರ. ಆಮೇಲೆ ಊದಿನಕಡ್ಡಿಯ ಲಕ್ಷ್ಮಿ, ಒಂದು ಬಸ್ ಟಿಕೀಟು, ಟೇಲರು ಅಂಗಿಯ ಕಾಲರಿಗೆ ಹೊಲಿಯುವ ಪಟ್ಟಿ. ಇದೆಲ್ಲದರ ನಡುವೆ ಎಣ್ಣೆ ಹಚ್ಚಿ ತಲೆ ಬಾಚಿದ ಒಬ್ಬ ತರುಣನ ಪಾಸ್‌ಪೋರ್ಟ್ ಫೋಟೋ.

"ಅಮ್ಮಾ, ಇದೆಲ್ಲಾ ಎಲ್ಲಿಂದ ಬಂತು?"

"ಓಣ್ಯಾಗಿನವ್ರು ಆಲ್ಬಂ ನೋಡ್ತೀವಿ ಅಂತ ಒಯ್ದ್ರಪ್ಪ. ಒಬ್ಬರಾದ ಮ್ಯಾಲೆ ಒಬ್ಬರು. ತಿರುಗಿ ಕೊಡೋವಾಗ ಖಾಲಿ ಹೆಂಗ ಕೊಡ್ತಾರ?"

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ಪಕ್ಕದ ಮನೆಯವರು ಒಂದು ಬಟ್ಟಲು ಪಲ್ಯ ಕೊಟ್ಟರೆ ಆ ಬಟ್ಟಲನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಆಲ್ಬಂನಲ್ಲಿ ಖಾಲಿ ಚೌಕಗಳನ್ನು ಕಂಡ ಓಣಿಯವರು, ಬರಿದಾಗಿ ಕೊಡಬಾರದು ಅಂತ ತಮ್ಮ ತಮ್ಮ ಮನೆಯಲ್ಲಿ ಇದ್ದದ್ದನ್ನು ಮರ್ಯಾದೆಯಿಂದ ಅಂಟಿಸಿ ಕೊಟ್ಟಿದ್ದರು. ಕಿತ್ತುಬಿಡೋಣವೇ ಅಂದೆ. ಅಮ್ಮ ಆಲ್ಬಂ ಎದೆಗವಚಿಕೊಂಡರು. "ಕೊಟ್ಟದ್ದನ್ನ ಕೀಳ್ತಾರೇನಪ್ಪ? ನಾಳೆ ಅವರ ಮುಖಾ ಹೆಂಗ ನೋಡ್ಲಿ?"

"ಕೊನೀ ಚೌಕ ಹಂಗಾ ಬಿಟ್ಟಾರಲ್ಲಮ್ಮಾ?"

"ಅಲ್ಲಿ ಎರಡು ತಲಿದು ಬೇಕಂತ ಬರದೈತಲ್ಲ. ಯಾರ ಮನ್ಯಾಗೂ ಎರಡು ತಲಿದು ಸಿಗಲಿಲ್ಲ."

ನಾನು ಹೊರಡಲು ಎದ್ದೆ. ಅಮ್ಮ ಫೋಟೋದ ಹುಡುಗನ ಮೇಲೆ ಬೆರಳಿಟ್ಟು, "ಈತ ಮಂಡಕ್ಕಿ ಭಟ್ಟಿಯವರ ಮಗ. ನಾಕು ವರ್ಷದಿಂದ ಹೆಣ್ಣು ಸಿಕ್ಕಿದ್ದಿಲ್ಲ. ಹೊಳಲು ಊರಿನವ್ರು ಯಾರೋ ಬಂದಾಗ ಈ ಆಲ್ಬಂ ನೋಡಿದ್ರು, ಹುಡುಗನ್ನ ಒಪ್ಪಿ ಹೋದ್ರು" ಅಂದರು. "ನಿಮ್ಮ ಕಂಪನಿ ಪುಣ್ಯಾ ಕಟ್ಟಿಕೊಂತು."

ಖಾಲಿ ಕೊಡ್ತೀರೇನ್ರಿ?

ಮರುದಿನ ಸಾಹೇಬರು ಕಾರಿನಲ್ಲಿ ಬಂದಿಳಿದರು. ತಂಪು ಕನ್ನಡಕ, ಕೋಟು, ಮಿರಮಿರ ಮಿಂಚುವ ಬೋಳು ತಲೆ. ಓಣಿಯ ಜನ ಪಡಸಾಲೆಯ ಬಾಗಿಲಿಗೆ ಮುತ್ತಿಗೆ ಹಾಕಿದರು. ಅಮ್ಮ ಫಿಲ್ಟರ್ ಕಾಫಿ ಕೊಟ್ಟರು. ಒಂದು ಗುಟುಕು ಕುಡಿದ ಸಾಹೇಬರ ಮುಖ ಅರಳಿತು. ಆಲ್ಬಂ ತೆರೆದರು. ಸಿಂಹ, ಆನೆ, ಹುಲಿ, ಗರುಡ. "ಭೇಷ್, ಭೇಷ್" ಅನ್ನುತ್ತಾ ಪುಟ ತಿರುಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಏನ್ರೀ ಇದು?" ಅನ್ನುವ ದನಿ ಕೇಳಿತು. "ಇದು ಯಾವ ವಂಶ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟರು. "ಅದು ಎದುರುಮನಿ ವಂಶಾರಿ. ಮೂರು ತಲಿಮಾರಿನಿಂದ ಬೀಡಿ ಕಟ್ತಾರ."

"ಮತ್ತೆ ಇದು?"

"ಮೂಲಿಮನಿ ಟೇಲರದು. ಅವ್ರದೂ ಹಳೇ ಮನಿತನ."

"ಈ ಹುಡುಗ?"

"ಮಂಡಕ್ಕಿ ಭಟ್ಟಿಯವ್ರ ವಂಶ. ಹೆಣ್ಣು ಗೊತ್ತಾಗೈತ್ರಿ, ನೀವಾ ಲಗ್ನಕ್ಕ ಬರಬೇಕು."

ಬಾಗಿಲಲ್ಲಿ ನಿಂತಿದ್ದ ಮಂಡಕ್ಕಿ ಭಟ್ಟಿಯ ಹುಡುಗ ನಾಚಿಕೊಂಡು ಕೈ ಮುಗಿದ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಆಗಲೇ ಮನಸ್ಸಿನಲ್ಲಿ ಶೇಂಗಾ ಅಂಗಡಿಯಲ್ಲಿ ಕೂತಾಗಿತ್ತು. ಅವರು ಕೊನೆಯ ಪುಟಕ್ಕೆ ಬಂದರು.

"ಗಂಡಭೇರುಂಡ ಎಲ್ಲಿ?"

"ನಾನಾ ನಿಮ್ಮನ್ನ ಕೇಳಬೇಕಂತಿದ್ದೆ" ಅಂದರು ಅಮ್ಮ. "ಇಷ್ಟು ದಿನ ನಿಮ್ಮ ಕಾಫಿ ಕುಡಿದೀನಿ. ಒಂದು ಪಾಕೀಟಿನಾಗೂ ಆ ಹಕ್ಕಿ ಬರಲಿಲ್ಲ. ಯಾಕ್ರಿ?"

ಸಾಹೇಬರು ಕೆಮ್ಮಿದರು. ನನ್ನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಹೇಳಿದರು: "ಆ ಸ್ಟ್ಯಾಂಪು ಈ ಲೈನಿಗೆ ಕಳಿಸೇ ಇಲ್ಲ ಕಣ್ರೀ. ಇಲ್ಲಿ ಯಾರು ಅಲ್ಲೀತನಕ ಬರ್ತಾರೆ ಅಂತ ಸುಮ್ಮನಾಗಿದ್ವಿ."

ನನಗೆ ಜೀವನದಲ್ಲಿ ಎಷ್ಟೋ ಗಾಬರಿಗಳಾಗಿವೆ, ಆದರೆ ಇದರಂಥದ್ದು ಆಗಿಲ್ಲ. ಗಾಬರಿಯ ಹಿಂದೆಯೇ ಸಿಟ್ಟು ಬಂತು. "ಇಲ್ಲದ ಹಕ್ಕಿ ಹಿಡಕೊಂಡು ಬಾ ಅಂತ ನನ್ನನ್ನ ಐದೂರು ಓಡಿಸಿದ್ರಾ ಸಾರ್? ನಮ್ಮ ಮಾವನವರು ಚಾ ಬಿಟ್ಟಿದ್ರು, ಗೊತ್ತಾ ನಿಮಗೆ?" ಅಂದೆ. ದನಿ ನನಗೇ ಗಾಬರಿಯಾಗುವಷ್ಟು ಜೋರಾಗಿತ್ತು.

ಸಾಹೇಬರ ಬೋಳು ತಲೆ ಕೆಂಪಾಯಿತು. ಇಲ್ಲಿಂದ ಪಾರಾದರೆ ಸಾಕು ಅನ್ನುವಂತೆ ಆಲ್ಬಂ ಮುಚ್ಚಿ ಅಮ್ಮನ ಮುಂದೆ ಹಿಡಿದರು. ಅಮ್ಮ ಕೈ ಚಾಚಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಅವರನ್ನೇ ನೋಡಿದರು.

"ಖಾಲಿ ಕೊಡ್ತೀರೇನ್ರಿ?"

ಸಾಹೇಬರಿಗೆ ಏನೂ ತಿಳಿಯಲಿಲ್ಲ. ನಾನು ಪದ್ಧತಿ ವಿವರಿಸಿದೆ. ಬಾಗಿಲಲ್ಲಿದ್ದ ಬೀಡಿಯವರು, ಟೇಲರು, ಎಲ್ಲರೂ ಹೌದು ಹೌದು ಅಂತ ತಲೆಯಾಡಿಸಿದರು. ಸಾಹೇಬರು ಕಿಸೆಗಳನ್ನು ತಡಕಾಡಿದರು. ಕರವಸ್ತ್ರ ಬಂತು, ಕಾರಿನ ಕೀಲಿ ಬಂತು, ಯಾಕಿಟ್ಟುಕೊಂಡಿದ್ದರೋ ಒಂದು ಬಾಚಣಿಗೆಯೂ ಬಂತು. ಕೊನೆಗೆ ದುಡ್ಡಿನ ಪಾಕೀಟಿನ ಒಳಗಿನಿಂದ ಅವರದೇ ಪಾಸ್‌ಪೋರ್ಟ್ ಫೋಟೋ ಬಂತು. ಯಾವುದೋ ಪಾಸಿಗೆ ಅಂತ ತೆಗೆಸಿದ್ದು, ತಂಪು ಕನ್ನಡಕ ಹಾಕಿಕೊಂಡೇ ಕೂತಿದ್ದರು. ಅಮ್ಮನ ಸೊಸೆ ಆಗಲೇ ಗಂಜಿಯ ಬಟ್ಟಲು ತಂದು ಮುಂದಿಟ್ಟಾಗಿತ್ತು. ಉಳಿದಿದ್ದು ಅದೊಂದೇ ಚೌಕ. ಕಾಫಿ ಕಂಪನಿಯ ದೊಡ್ಡ ಸಾಹೇಬರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ತಮ್ಮ ಫೋಟೋಕ್ಕೆ ತಾವೇ ಗಂಜಿ ಬಳಿದು ಗಂಡಭೇರುಂಡದ ಜಾಗದಲ್ಲಿ ಅಂಟಿಸಿದರು.

ಅಮ್ಮ ಆಲ್ಬಂ ಇಸಿದುಕೊಂಡು, ದೂರ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟರು. "ಎರಡು ತಲಿ ಬೇಕಾಗಿತ್ತು. ಇರ್ಲಿ, ಸದ್ಯಕ್ಕ ಒಂದು ಬಂತು."

ಎರಡನೇ ತಲೆ

ಸಾಹೇಬರು "ಯೋಚನೆ ಮಾಡಿ ತಿಳಿಸ್ತೀನಿ" ಅಂತಷ್ಟೇ ಹೇಳಿ ಹೋದರು. ದೀಪಾವಳಿ ಬಂತು, ಹೋಯಿತು. ಏನೂ ಸುದ್ದಿಯಿಲ್ಲ. ಕೊಟ್ಟೂರಿನಲ್ಲಿ ಮಾವನವರು ಅಂಗಡಿಯಲ್ಲಿ ತಮ್ಮ ಪಕ್ಕಕ್ಕೆ ನನಗಾಗಿ ಒಂದು ಹೊಸ ಗಾದಿ ಹೊಲಿಸಿಟ್ಟರು. ನನ್ನ ಹೆಂಡತಿ ಅದನ್ನು ನೋಡಿ, "ಬಣ್ಣ ಚಲೋ ಐತಿ" ಅಂದಳು. ಅವಳೂ ಆಸೆ ಬಿಟ್ಟಿದ್ದಳು.

ಆಗ ಒಂದು ದಿನ ಹರಪನಹಳ್ಳಿಯಲ್ಲಿ ಪಂಚೆ ಉಟ್ಟ ಇಬ್ಬರು ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. ಅಣ್ಣತಮ್ಮಂದಿರಂತೆ. ರೈಲ್ವೆ ಅಮ್ಮನ ಆಲ್ಬಂ ಅವರ ನೆಂಟರ ಮನೆಗೆ ಬಂದು ಹೋಗಿತ್ತಂತೆ. ಮಂಡಕ್ಕಿ ಭಟ್ಟಿಯ ಹುಡುಗನಿಗೆ ಹೆಣ್ಣು ಸಿಕ್ಕಮೇಲೆ ಆ ಆಲ್ಬಂಗೆ ಸುತ್ತಲ ಊರಲ್ಲೆಲ್ಲ ಹೆಸರು ಬಂದಿತ್ತು. ಇವರ ತಂಗಿಗೆ ವಯಸ್ಸು ನಲವತ್ತು ದಾಟಿತ್ತು, ಸರಿಯಾದ ಗಂಡು ಸಿಕ್ಕಿರಲಿಲ್ಲ.

"ಕೊನೀ ಪುಟದಾಗ ಅದಾರಲ್ರಿ, ಅವರ ಬಗ್ಗೆ ಕೇಳಾಕ ಬಂದೀವಿ" ಅಂದರು ದೊಡ್ಡವರು. "ಕೂದ್ಲು ಒಂಚೂರು ಹೋಗ್ಯಾವು, ಅದಕ್ಕೇನಿಲ್ಲ. ದೊಡ್ಡ ಚೌಕದಾಗ ಅಂಟಿಸ್ಯಾರ ಅಂದಮ್ಯಾಲೆ ದೊಡ್ಡ ಮನಿತನಾನ ಇರಬೇಕು. ಆ ಕಪ್ಪು ಕನ್ನಡಕ ಯಾಕ್ರಿ, ಕಣ್ಣಿಗೆ ಏನರ ದೋಷ ಐತೇನು?"

ನನ್ನ ಎರಡೂ ಕೈ ಎದೆಗೆ ಹೋದವು. "ಅಯ್ಯೋ, ಅವ್ರು ನಮ್ಮ ಸಾಹೇಬ್ರು! ಅವ್ರಿಗೆ ಲಗ್ನ ಆಗಿ ಮಕ್ಕಳು ಕಾಲೇಜಿಗೆ ಬಂದಾರ!"

ಅವರು ನಂಬಲಿಲ್ಲ. "ಲಗ್ನ ಆದೋರು ಫೋಟೋ ಯಾಕ ಅಂಟಸ್ತಾರ್ರಿ?" ಅಂತ ಕೇಳಿದರು. ಸಾಹೇಬರೇ ಬಾಯಿಬಿಟ್ಟು ಹೇಳಲಿ, ಆಮೇಲೆ ಹೋಗುತ್ತೇವೆ ಅಂತ ಪಟ್ಟು ಹಿಡಿದರು. ಕಡೆಗೆ ಮೂವರೂ ಎಸ್‌ಟಿಡಿ ಬೂತಿಗೆ ಹೋದೆವು. ಅವತ್ತು ಭಾನುವಾರ, ಸಾಹೇಬರ ಮನೆಗೇ ನಂಬರು ಒತ್ತಿದೆ.

ಫೋನು ಎತ್ತಿದ್ದು ಅವರ ಹೆಂಡತಿ.

"ಅಮ್ಮಾವ್ರೇ, ಸಾಹೇಬ್ರು ಇದ್ದಾರಾ?" ಅನ್ನುವಷ್ಟರಲ್ಲಿ ದೊಡ್ಡವರು ನನ್ನ ಕೈಯಿಂದ ಫೋನು ಕಿತ್ತುಕೊಂಡು, ಬೂತೆಲ್ಲ ನಡುಗುವಂತೆ ಕೇಳಿದರು:

"ನಮಸ್ಕಾರ್ರಿ! ಮಾತಾಡೋರು ಹುಡುಗನ ತಾಯೇನ್ರಿ?"

ನಾನು ಬೂತಿನ ಗಾಜಿಗೆ ಹಣೆ ಹಚ್ಚಿದೆ. ಆ ಕಡೆಯಿಂದ ಏನೋ ಒಂದು ಮಾತು ಬಂತು. ದೊಡ್ಡವರ ಮುಖದ ಬಣ್ಣ ಹಾರಿತು. ಕಾದ ಹಂಚು ಮುಟ್ಟಿದವರಂತೆ ಫೋನನ್ನು ನನ್ನ ಕೈಗೆ ಹಾಕಿ, ತಮ್ಮನಿಗೆ, "ಹೇಣ್ತಿ ಅಂತಪಾ, ನಡಿ ನಡಿ" ಅಂದು, ಇಬ್ಬರೂ ಚಪ್ಪಲಿ ಅದಲುಬದಲು ಹಾಕಿಕೊಂಡು ಹೊರಟೇಹೋದರು.

ನಾನು ಆಕೆಗೆ ಎಲ್ಲವನ್ನೂ ಹೇಳಿದೆ. ಕಾಫಿಪುಡಿಯ ಗೋರಂಟಿ, ಮೊಪೆಡ್ಡಿನ ಮೀನು, ಆಕಳು, ಬೀಡಿಯವರ ವಂಶ, ಇಲ್ಲದ ಹಕ್ಕಿ, ಫೋಟೋ, ಹೆಣ್ಣು, ಕೊನೆಗೆ ಶೇಂಗಾ ಅಂಗಡಿಯ ಗಾದಿಯವರೆಗೂ. ಹೇಗೂ ಕೆಲಸ ಹೋಯಿತು, ಇನ್ನೇನು ಮುಚ್ಚಿಡುವುದು ಅನ್ನಿಸಿಬಿಟ್ಟಿತ್ತು. ಆ ಕಡೆಯಿಂದ ಏನೋ ಶಬ್ದ ಬಂತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ನಕ್ಕು ನಕ್ಕು ಉಸಿರು ಸಿಗದೆ ಒದ್ದಾಡುತ್ತಿದ್ದರು.

"ಇವರನ್ನ ನಾನೂ ನಮ್ಮಪ್ಪ ಬಲವಂತ ಮಾಡಿದ್ದಕ್ಕೆ ಒಪ್ಪಿಕೊಂಡಿದ್ದು ಕಣಪ್ಪ" ಅಂದರು, ಸುಧಾರಿಸಿಕೊಂಡು. "ಫೋಟೋ ನೋಡಿ ಇಷ್ಟಪಟ್ಟು ಕೇಳ್ಕೊಂಡು ಬಂದೋರು ನಿಮ್ಮೂರಿನವರೇ ಮೊದಲು. ಆ ಲೈನ್ ಮುಚ್ತಾರಂತಾ? ಅದು ಹೇಗೆ ಮುಚ್ತಾರೋ ನಾನೂ ನೋಡ್ತೀನಿ!"

ಹದಿನೈದು ದಿನಕ್ಕೆ ಹಡಗಲಿಯ ಓಣಿಯಲ್ಲಿ ಮತ್ತೆ ಅದೇ ಕಾರು ನಿಂತಿತು. ಈ ಸಲ ಇಳಿದವರು ಇಬ್ಬರು. ಸಾಹೇಬರು ಹಿತ್ತಾಳೆ ಫಿಲ್ಟರನ್ನು ಎರಡೂ ಕೈಯಲ್ಲಿ ಹಿಡಿದು ರೈಲ್ವೆ ಅಮ್ಮನಿಗೆ ಕೊಟ್ಟರು. ನನ್ನ ಕಡೆ ತಿರುಗಿ, "ಲೈನು ಇರುತ್ತೆ ಕಣ್ರೀ, ಸುಮ್ನೆ ಕೆಲಸ ಮಾಡಿ" ಅಂತ ಗೊಣಗಿದರು. ನನಗೆ ಕಣ್ಣು ತುಂಬಿ ಬಂತು. ಮಾವನವರ ಹೊಸ ಗಾದಿ ನೆನಪಾಗಿ ಸ್ವಲ್ಪ ನಗುವೂ ಬಂತು.

ಅಮ್ಮಾವರು ಮಾತ್ರ ಫಿಲ್ಟರಿಗಾಗಿ ಬಂದವರಲ್ಲ. ನೇರ ಆಲ್ಬಂ ಕೇಳಿ ತರಿಸಿಕೊಂಡು, ಕೊನೆಯ ಪುಟ ತೆರೆದು, ಗಂಡನ ಫೋಟೋ ನೋಡಿದರು. ಕೈಚೀಲದಿಂದ ತಮ್ಮದೊಂದು ಫೋಟೋ ತೆಗೆದರು. ಚೌಕದಲ್ಲಿ ಜಾಗ ಸಾಲುತ್ತಿರಲಿಲ್ಲ. ಸೊಸೆ ತಂದಿಟ್ಟ ಗಂಜಿಯನ್ನು ಚೆನ್ನಾಗಿ ಬಳಿದು, ತಮ್ಮ ಭುಜ ಗಂಡನ ಕೋಟಿನ ಮೇಲೆ ಬರುವ ಹಾಗೆ ಒತ್ತಿ ಅಂಟಿಸಿ, "ಇನ್ನು ಯಾರೂ ಕೇಳ್ಕೊಂಡು ಬರಲ್ಲ ಬಿಡಿ" ಅಂದರು.

ರೈಲ್ವೆ ಅಮ್ಮ ಆಲ್ಬಂ ಇಸಿದುಕೊಂಡು ಬೆಳಕಿಗೆ ಹಿಡಿದರು. ಒಂದೇ ಕೋಟಿನಿಂದ ಒಂದು ತಲೆ ಆ ಕಡೆ, ಒಂದು ತಲೆ ಈ ಕಡೆ ಎದ್ದು ನಿಂತಿದ್ದವು. ಕೆಳಗೆ ಅಚ್ಚಾಗಿದ್ದ ಅಕ್ಷರದ ಮೇಲೆ ಬೆರಳಾಡಿಸಿ ಓದಿದರು, ಮೇಲೆ ನೋಡಿದರು, ಮತ್ತೆ ಓದಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದರು:

"ಬರ್ರೇ ಎಲ್ಲಾರೂ! ಗಂಡಭೇರುಂಡ ಬಂತು!"